ಬೀಜ ಮೊದಲಾದ ಪಾರ್ಸೆಲುಗಳ ರವಾನೆ: ಯಾವ ಮಾರ್ಗವು ನಂಬಿಕೆಗೆ ಅರ್ಹವಾದುದು?

ವ್ಯವಸಾಯದಲ್ಲಿ ಹದ ತಪ್ಪಿದ ಮೇಲೆ ಬಂದ ಬೀಜಕ್ಕೂ ಬಾರದೆ ಹೋದ ಬೀಜಕ್ಕೂ ಹೆಚ್ಚಿನ ಭೇದವಿಲ್ಲ. ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳಲ್ಲಿ ಬತ್ತ, ಮುಸುಕಿನ ಜೋಳ, ಶುಂಠಿ, ಅಡಕೆ ಇವು ಮುಖ್ಯವಾದ ಬೆಳೆಗಳು. ಹಿಂದೆ ಇವುಗಳಿಗೆ ಬೇಕಾದ ಬೀಜವು ಬೇಸಾಯಗಾರನ ಕಣಜದಲ್ಲಿಯೋ ನೆರೆಯವನ ಕಣಜದಲ್ಲಿಯೋ ದೊರೆಯುತ್ತಿದ್ದಿತು. ಈಗ ಸುಧಾರಿಸಿದ ತಳಿಯ ಬೀಜ, ಟ್ರೈಕೋಡರ್ಮಾ ಮೊದಲಾದ ಜೀವಾಣುಗಳ ಪೊಟ್ಟಣ, ಪಂಪಿನ ಬಿಡಿಭಾಗ, ಔಷಧ ಹೊಡೆಯುವ ಯಂತ್ರದ ಮೂತಿ ಇವೆಲ್ಲವೂ ದೂರದ ಊರುಗಳಿಂದ ಪಾರ್ಸೆಲಾಗಿ ಬರುತ್ತಿವೆ. ಇವು ಗೊತ್ತಾದ ದಿನಕ್ಕೆ ಬಾರದಿದ್ದರೆ ಉಂಟಾಗುವ ನಷ್ಟವು ಪಾರ್ಸೆಲಿನ ಬೆಲೆಯಷ್ಟೇ ಅಲ್ಲ, ಒಂದು ವರ್ಷದ ಬೆಳೆಯ ಬೆಲೆಯಷ್ಟಾಗಬಹುದು. ಆದುದರಿಂದ ಸಾಗಣೆಯ ಮಾರ್ಗಗಳಲ್ಲಿ ಯಾವುದನ್ನು ಎಷ್ಟು ನಂಬಬಹುದೆಂಬುದನ್ನು ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಲೆಕ್ಕವಿಟ್ಟು ತಿಳಿಯುವುದು ಅಗತ್ಯ.

ಹಿಂದಿನ ಸ್ಥಿತಿ

ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆಯನ್ನು ಏರ್ಪಡಿಸಿದರು. ಮೈಸೂರಿನ ಈ ಸ್ವಂತ ಅಂಚೆಯು 1889ರಲ್ಲಿ ಇಂಡಿಯಾ ಸರ್ಕಾರದ ಅಂಚೆಯಲ್ಲಿ ಸೇರಿತು. ಆ ಕಾಲದಲ್ಲಿ ಹಳ್ಳಿಯವರಿಗೆ ಇದ್ದ ಮಾರ್ಗವು ಬಹುಮಟ್ಟಿಗೆ ಒಂದೇ ಆದುದರಿಂದ ಆರಿಸಿಕೊಳ್ಳುವ ಪ್ರಶ್ನೆಯೇ ಏಳುತ್ತಿರಲಿಲ್ಲ. 1986ರಲ್ಲಿ ಸ್ಪೀಡ್ ಪೋಸ್ಟ್ ಆರಂಭವಾಯಿತು. ಖಾಸಗಿ ಲಾರಿ ಪಾರ್ಸೆಲು ಕಚೇರಿಗಳೂ ಕೊರಿಯರುಗಳೂ ತಾಲ್ಲೂಕಿನ ಪಟ್ಟಣಗಳವರೆಗೆ ಹರಡಿದವು. 2021ರಲ್ಲಿ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ‘ನಮ್ಮ ಕಾರ್ಗೋ’ ಎಂಬ ಹೆಸರಿನಲ್ಲಿ ಬಸ್ಸುಗಳ ಮೂಲಕ ಸರಕು ಸಾಗಿಸುವ ಏರ್ಪಾಡನ್ನು ಮಾಡಿತು. ಮಾರ್ಗಗಳು ಹೀಗೆ ಹೆಚ್ಚಿದುದರಿಂದ ಆರಿಸುವ ಹೊಣೆಯು ರೈತನ ಮೇಲೆ ಬಿದ್ದಿದೆ.

ಈಗಿರುವ ಮಾರ್ಗಗಳು

ಕುಬಟೂರು ಗ್ರಾಮವನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಕೈಟಭೇಶ್ವರ ದೇವಾಲಯದಿಂದ ಪ್ರಸಿದ್ಧವಾದ ಈ ಊರು ಸೊರಬ ತಾಲ್ಲೂಕಿನಲ್ಲಿ ಆನವಟ್ಟಿಗೆ ಸಮೀಪದಲ್ಲಿದೆ. ಆನವಟ್ಟಿಯಿಂದ ಒಂದು ಕಡೆ ಶಿರಾಳಕೊಪ್ಪ, ಶಿಕಾರಿಪುರಗಳಿಗೂ ಇನ್ನೊಂದು ಕಡೆ ಹಾನಗಲ್ಲಿಗೂ ರಸ್ತೆಗಳುಂಟು. ಊರಿಗೆ ರೈಲು ಇಲ್ಲ. ಸಾಗರ, ತಾಳಗುಪ್ಪ, ಶಿವಮೊಗ್ಗ, ಹಾವೇರಿ ಇವುಗಳಲ್ಲಿ ಒಂದು ನಿಲ್ದಾಣಕ್ಕೆ ಹೋಗಬೇಕು.

ಮೊದಲನೆಯದು ಅಂಚೆ. ಇದರ ವಿಶೇಷ ಗುಣವೆಂದರೆ, ವಿಲಾಸವು ಸರಿಯಾಗಿದ್ದರೆ ಪಾರ್ಸೆಲು ಹಳ್ಳಿಯವರೆಗೂ ಬರುವುದು. ಆದರೆ ಹಳ್ಳಿಯ ಶಾಖಾ ಅಂಚೆ ಕಚೇರಿಗಳು ದಿನದಲ್ಲಿ ಕೆಲವು ಗಂಟೆಗಳು ಮಾತ್ರ ತೆರೆದಿರುವುವು. ಚೀಲವು ಅನೇಕ ಕೈಗಳನ್ನು ದಾಟಿ ಬರಬೇಕು. ರಿಜಿಸ್ಟರ್ ಅಂಚೆಯನ್ನು 2025ರಲ್ಲಿ ಸ್ಪೀಡ್ ಪೋಸ್ಟಿನೊಡನೆ ಸೇರಿಸಿರುವುದನ್ನೂ ಜ್ಞಾಪಕದಲ್ಲಿಡಬೇಕು.

ಎರಡನೆಯದು ಬಸ್ಸಿನ ಪಾರ್ಸೆಲು. ನೇರವಾದ ಬಸ್ಸು ಇರುವ ಎರಡು ಊರುಗಳ ನಡುವೆ ಇದು ಬಹಳ ಬೇಗ ಮುಟ್ಟುವುದು. ಆದರೆ ಸರಕು ಬಸ್ ನಿಲ್ದಾಣದವರೆಗೆ ಮಾತ್ರ ಬರುವುದರಿಂದ, ಪಡೆಯುವವನು ತಾನೇ ಹೋಗಿ ಬಿಡಿಸಿಕೊಳ್ಳಬೇಕು.

ಮೂರನೆಯದು ಖಾಸಗಿ ಕೊರಿಯರು ಮತ್ತು ಲಾರಿ ಪಾರ್ಸೆಲು ಕಚೇರಿ. ಪಟ್ಟಣದಿಂದ ಪಟ್ಟಣಕ್ಕೆ ಇವುಗಳ ಕೆಲಸ ಚುರುಕಾಗಿರಬಹುದು. ಆದರೆ ಹಳ್ಳಿಯ ವಿಲಾಸಕ್ಕೆ ಬಂದ ಪಾರ್ಸೆಲನ್ನು ಪಟ್ಟಣದಲ್ಲಿಯೇ ಇಟ್ಟುಕೊಂಡು ದೂರವಾಣಿಯಲ್ಲಿ ಕರೆಯುವ ಪದ್ಧತಿ ಅನೇಕ ಕಡೆ ಉಂಟು. ಕರೆಯು ಸಿಕ್ಕದಿದ್ದರೆ ಪಾರ್ಸೆಲು ಹಿಂದಿರುಗುವ ಸಂಭವವೂ ಇದೆ.

ನಾಲ್ಕನೆಯದು ರೈಲು. ಹತ್ತಾರು ಮೂಟೆಗಳಿದ್ದಾಗ ಮಾತ್ರ ಈ ಭಾಗದವರಿಗೆ ಇದು ಉಪಯುಕ್ತ. ಆಯಾ ನಿಲ್ದಾಣದಲ್ಲಿ ಪಾರ್ಸೆಲು ಸ್ವೀಕರಿಸುವರೇ ಎಂಬುದನ್ನು ಮೊದಲೇ ವಿಚಾರಿಸತಕ್ಕದ್ದು. ಸರಕನ್ನು ಬೇಗ ಬಿಡಿಸಿಕೊಳ್ಳದಿದ್ದರೆ ನಿಲುಗಡೆಯ ಶುಲ್ಕ ಬೀಳುವುದು.

ವೇಗ ಬೇರೆ, ನಂಬಿಕೆ ಬೇರೆ

ಬೇಗ ಬರುವ ಮಾರ್ಗವೇ ನಂಬತಕ್ಕ ಮಾರ್ಗವೆಂದು ಅನೇಕರು ಭಾವಿಸುತ್ತಾರೆ. ಇದು ಸರಿಯಲ್ಲ. ಲೆಕ್ಕಕ್ಕಾಗಿ ಎರಡು ಮಾರ್ಗಗಳನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯದರಲ್ಲಿ ಕಳುಹಿಸಿದ 10 ಪಾರ್ಸೆಲುಗಳಲ್ಲಿ 8 ಎರಡೇ ದಿನಗಳಲ್ಲಿ ಬಂದವು. ಉಳಿದ 2 ಹನ್ನೆರಡು ದಿನ ತೆಗೆದುಕೊಂಡವು. ಎರಡನೆಯದರಲ್ಲಿ 3 ಪಾರ್ಸೆಲುಗಳು ಮೂರು ದಿನಗಳಲ್ಲಿ, 4 ನಾಲ್ಕು ದಿನಗಳಲ್ಲಿ, 3 ಐದು ದಿನಗಳಲ್ಲಿ ಬಂದವು. ಎರಡರ ಮೊತ್ತವೂ 40 ದಿನ, ಸರಾಸರಿ 4 ದಿನ. ಹಾಗಿದ್ದರೂ ಎರಡೂ ಸಮಾನವಲ್ಲ. ಎರಡನೆಯ ಮಾರ್ಗದಲ್ಲಿ ಐದನೆಯ ದಿನಕ್ಕೆ ಎಲ್ಲ ಪಾರ್ಸೆಲುಗಳೂ ಕೈಸೇರಿವೆ. ಮೊದಲನೆಯದರಲ್ಲಿ ಐದು ಜನರಲ್ಲಿ ಒಬ್ಬನು ಹನ್ನೆರಡು ದಿನ ಕಾದಿದ್ದಾನೆ. ಬಿತ್ತನೆಯ ಕಾಲದಲ್ಲಿ ಆ ಒಬ್ಬನ ಹೊಲವೇ ಬೀಳು ಬೀಳುವುದು. ಆದುದರಿಂದ ಸರಾಸರಿಯನ್ನು ನೋಡದೆ, ಅತ್ಯಂತ ತಡವಾಗಿ ಬಂದ ಪಾರ್ಸೆಲು ಎಷ್ಟು ದಿನ ತೆಗೆದುಕೊಂಡಿತೆಂಬುದನ್ನು ಮುಖ್ಯವಾಗಿ ನೋಡಬೇಕು.

ತಡವು ಎಲ್ಲಿ ಹುಟ್ಟುವುದೆಂಬುದೂ ತಿಳಿದಿರಬೇಕು. ಬಹುಮಟ್ಟಿಗೆ ಸರಕು ಕೈ ಬದಲಾಗುವ ಸ್ಥಳಗಳಲ್ಲಿಯೇ ಅದು ನಿಲ್ಲುವುದು. ಒಂದೊಂದು ಕೈಬದಲಿನಲ್ಲಿಯೂ 100ಕ್ಕೆ 98 ಪಾರ್ಸೆಲುಗಳು ಹೊತ್ತಿಗೆ ಸರಿಯಾಗಿ ಮುಂದೆ ಹೋಗುವುವೆಂದು ಇಟ್ಟುಕೊಂಡರೆ, ಎರಡು ಕೈಬದಲುಗಳ ಮಾರ್ಗದಲ್ಲಿ 100ಕ್ಕೆ ಸುಮಾರು 96 ಸರಿಯಾಗಿ ಬರುವುವು. ಐದು ಕೈಬದಲುಗಳ ಮಾರ್ಗದಲ್ಲಿ ಸುಮಾರು 90 ಮಾತ್ರ ಬರುವುವು. ಯಾರೊಬ್ಬರೂ ವಿಶೇಷವಾಗಿ ಅಲಕ್ಷ್ಯ ಮಾಡದಿದ್ದರೂ ಈ ವ್ಯತ್ಯಾಸವು ತಪ್ಪದು. ಮನೆಯ ಬಾಗಿಲವರೆಗೆ ಬರುವ ಮಾರ್ಗಕ್ಕಿಂತ, ಆನವಟ್ಟಿಯಲ್ಲಿಯೋ ಶಿರಾಳಕೊಪ್ಪದಲ್ಲಿಯೋ ತಾನೇ ಹೋಗಿ ಪಡೆಯುವ ಮಾರ್ಗವು ತುರ್ತಿನ ಸರಕಿಗೆ ಕೆಲವು ವೇಳೆ ಮೇಲಾಗುವುದು ಈ ಕಾರಣದಿಂದಲೇ.

ಲೆಕ್ಕದ ಪುಸ್ತಕ

ಯಾವ ಮಾರ್ಗವು ಒಳ್ಳೆಯದೆಂಬುದನ್ನು ಒಬ್ಬರ ಬಾಯಿಮಾತಿನಿಂದ ನಿರ್ಣಯಿಸಬಾರದು. ಮೂರು ಪಾರ್ಸೆಲುಗಳಲ್ಲಿ ಒಂದು ತಡವಾದ ಮಾತ್ರಕ್ಕೆ ಮಾರ್ಗವು ಕೆಟ್ಟದೆನ್ನಲಾಗದು. ಮೂರೂ ಬಂದ ಮಾತ್ರಕ್ಕೆ ಒಳ್ಳೆಯದೆನ್ನಲೂ ಆಗದು. 20 ಪಾರ್ಸೆಲುಗಳಲ್ಲಿ ಒಂದೂ ತಪ್ಪದೆ ಬಂದಿದ್ದರೂ, ನಿಜವಾಗಿ ಆ ಮಾರ್ಗದಲ್ಲಿ 100ಕ್ಕೆ 15ರವರೆಗೆ ತಪ್ಪುವ ಸಂಭವವನ್ನು ಗಣಿತವು ತಳ್ಳಿಹಾಕುವುದಿಲ್ಲ. ಒಬ್ಬ ರೈತನಿಗೆ ವರ್ಷದಲ್ಲಿ 20 ಪಾರ್ಸೆಲುಗಳು ಬರುವುದು ಅಪರೂಪ. ಆದರೆ ಊರಿಗೆಲ್ಲ ಸೇರಿ ಬರುವ ಪಾರ್ಸೆಲುಗಳು ಇದಕ್ಕೆ ಎಷ್ಟೋ ಮಡಿ ಹೆಚ್ಚಾಗಿರುವುವು. ಗ್ರಾಮದ ಮುಖ್ಯಸ್ಥರ ಸಹಾಯವು ಬೇಕಾದುದು ಇಲ್ಲಿಯೇ.

ಸಹಕಾರ ಸಂಘದಲ್ಲಿ ಅಥವಾ ಪಂಚಾಯಿತಿಯ ಕಚೇರಿಯಲ್ಲಿ ಒಂದು ಪುಸ್ತಕವನ್ನಿಟ್ಟು, ಪ್ರತಿ ಪಾರ್ಸೆಲಿಗೆ ಈ ಕೆಳಗಿನ ಅಂಶಗಳನ್ನು ಬರೆಯಿಸತಕ್ಕದ್ದು: ಸರಕು ಯಾವುದು, ಎಲ್ಲಿಂದ ಬಂದುದು, ಯಾವ ಮಾರ್ಗ, ಕಳುಹಿಸಿದ ತಾರೀಖು, ಬರುವುದೆಂದು ಹೇಳಿದ ತಾರೀಖು, ಕೈಸೇರಿದ ತಾರೀಖು, ಸರಕಿನ ಸ್ಥಿತಿ, ಕೊಟ್ಟ ಕೂಲಿ. ಹೋಲಿಸುವಾಗ ಬೇಸಗೆಯ ಪಾರ್ಸೆಲನ್ನು ಬೇಸಗೆಯದರೊಡನೆಯೂ ಮಳೆಗಾಲದ್ದನ್ನು ಮಳೆಗಾಲದ್ದರೊಡನೆಯೂ ಹೋಲಿಸಬೇಕು. ಬೆಂಗಳೂರಿನಿಂದ ಬಂದುದನ್ನು ಶಿವಮೊಗ್ಗದಿಂದ ಬಂದುದರೊಡನೆ ಹೋಲಿಸಿದರೆ ಫಲವಿಲ್ಲ. ಕಳೆದುಹೋದ ಪಾರ್ಸೆಲುಗಳನ್ನು ಪಟ್ಟಿಯಿಂದ ಬಿಡಕೂಡದು; ಬಿಟ್ಟರೆ ಕೆಟ್ಟ ಮಾರ್ಗವೂ ಒಳ್ಳೆಯದಾಗಿ ಕಾಣುವುದು.

ದಿನಗಳನ್ನು ಹಿಂದಕ್ಕೆ ಎಣಿಸುವ ಕ್ರಮ

ಬೀಜವು ಬಂದ ಕೂಡಲೆ ಬಿತ್ತುವುದು ಜಾಣತನವಲ್ಲ. 100 ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿಟ್ಟು ಎಷ್ಟು ಮೊಳೆಯುವುವೆಂದು ನೋಡಬೇಕು. ಪ್ರಮಾಣಿತ ಬತ್ತದ ಬೀಜದಲ್ಲಿ 100ಕ್ಕೆ 80 ಆದರೂ ಮೊಳೆಯತಕ್ಕದ್ದು. ಈ ಪರೀಕ್ಷೆಗೆ 10 ದಿನಗಳನ್ನು ಇಟ್ಟುಕೊಳ್ಳಬಹುದು. ಬೀಜವು ಪರೀಕ್ಷೆಯಲ್ಲಿ ತಪ್ಪಿದರೆ ಮತ್ತೊಮ್ಮೆ ತರಿಸುವುದಕ್ಕೂ ಕಾಲವಿರಬೇಕು.

ಮೃಗಶಿರ ಮಳೆಯಲ್ಲಿ, ಜೂನ್ 10ರಂದು, ಸಸಿಮಡಿಗೆ ಬೀಜ ಹಾಕಬೇಕಾಗಿದೆಯೆಂದು ಇಟ್ಟುಕೊಳ್ಳೋಣ. ಪರೀಕ್ಷೆಯ 10 ದಿನಗಳನ್ನು ಕಳೆದರೆ ಮೇ 31 ಆಗುವುದು. ಮೇಲೆ ಹೇಳಿದ ಮೊದಲನೆಯ ಮಾರ್ಗವಾದರೆ, ಎರಡನೆಯ ಬಾರಿ ತರಿಸುವುದಕ್ಕೆ 12 ದಿನ, ಮೊದಲ ಬಾರಿಗೆ 12 ದಿನ ಕಳೆದು ಮೇ 7ರಂದೇ ಬೀಜವು ಅಲ್ಲಿಂದ ಹೊರಡಬೇಕು. ಎರಡನೆಯ ಮಾರ್ಗವಾದರೆ ಐದೈದು ದಿನ ಕಳೆದು ಮೇ 21ರಂದು ಹೊರಟರೆ ಸಾಕು. ಸರಾಸರಿ ಒಂದೇ ಆಗಿದ್ದ ಎರಡು ಮಾರ್ಗಗಳ ನಡುವೆ 14 ದಿನಗಳ ಅಂತರವು ಹೀಗೆ ಹೊರಬೀಳುವುದು.

ಅಡಕೆ ತೋಟದ ಕೊಳೆರೋಗದಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುವುದು. ಮೈಸೂರು ವ್ಯವಸಾಯ ಇಲಾಖೆಯ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಪರಿಶೋಧಿಸಿ 1910ರಲ್ಲಿ ವರದಿಯನ್ನು ಪ್ರಕಟಿಸಿದರು. ಮಳೆಗೆ ಮೊದಲು ಒಂದು ಬಾರಿ, 40ರಿಂದ 45 ದಿನಗಳ ಮೇಲೆ ಮತ್ತೊಂದು ಬಾರಿ, 100 ಲೀಟರು ನೀರಿಗೆ 1 ಕಿಲೋಗ್ರಾಂ ಮೈಲುತುತ್ತ, 1 ಕಿಲೋಗ್ರಾಂ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸಬೇಕು. ಎರಡನೆಯ ಸಿಂಪಡಿಕೆಗೆ ಮಳೆಯು ಹೊಳವು ಕೊಡುವುದು ಕೆಲವೇ ದಿನ. ಆಗ ಯಂತ್ರದ ಒಂದು ಮೂತಿಗಾಗಿ ಪಾರ್ಸೆಲಿನ ದಾರಿ ಕಾಯುವವನು ತೋಟವನ್ನು ಕೊಳೆಗೆ ಒಪ್ಪಿಸಿದಂತೆಯೇ. ಇಂಥ ಚಿಕ್ಕ ಭಾಗಗಳನ್ನು ಬೇಸಗೆಯಲ್ಲಿಯೇ ತರಿಸಿ ಒಂದೆರಡನ್ನು ಹೆಚ್ಚಾಗಿ ಇಟ್ಟುಕೊಳ್ಳುವುದು ಎಲ್ಲ ಮಾರ್ಗಗಳಿಗಿಂತ ನಂಬಿಕೆಯುಳ್ಳದ್ದು.

ಕಟ್ಟುವ ಕ್ರಮ

ಮಾರ್ಗವು ಎಷ್ಟು ಒಳ್ಳೆಯದಾದರೂ ಕಟ್ಟು ಕೆಟ್ಟಿದ್ದರೆ ಪ್ರಯೋಜನವಿಲ್ಲ. ಬೀಜದ ತೇವವು 100ಕ್ಕೆ 1ರಷ್ಟು ಹೆಚ್ಚಿದರೆ ಅದರ ಬಾಳಿಕೆಯು ಸುಮಾರು ಅರ್ಧಕ್ಕೆ ಇಳಿಯುವುದೆಂಬುದು ಬೀಜಶಾಸ್ತ್ರದ ಸ್ಥೂಲವಾದ ನಿಯಮ. ಬತ್ತದ ಬೀಜದಲ್ಲಿ ತೇವವು 100ಕ್ಕೆ 13ನ್ನು ಮೀರಬಾರದು. ಆದುದರಿಂದ ಮಳೆಗಾಲದಲ್ಲಿ ಒಣಗಿದ ಬೀಜಕ್ಕೆ ನೀರು ಹೊಗದ ಒಳಚೀಲ ಬೇಕು. ಬಿತ್ತನೆಯ ಶುಂಠಿಗೆ ಇದಕ್ಕೆ ವಿರುದ್ಧವಾದ ಕ್ರಮ: ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿದರೆ ಗೆಡ್ಡೆಗಳು ಬೆವರಿ ಕೊಳೆಯುವುವು. ಗಾಳಿಯಾಡುವ ಗೋಣಿ ಅಥವಾ ಬುಟ್ಟಿಯೇ ತಕ್ಕುದು. ಜೀವಾಣುಗಳ ಪೊಟ್ಟಣವನ್ನು ಬಿಸಿಲಿಗೆ ಬೀಳುವಂತೆ ಇಡಬಾರದು. ಪರೀಕ್ಷೆಗೆ ಕಳುಹಿಸುವ ಮಣ್ಣನ್ನು ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋಗ್ರಾಂನಷ್ಟನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ, ರೈತನ ಹೆಸರು ಮತ್ತು ಸರ್ವೆ ನಂಬರುಗಳ ಚೀಟಿಯನ್ನು ಒಳಗೂ ಹೊರಗೂ ಇಡಬೇಕು.

ವಿಲಾಸ, ರಸೀತಿ ಮತ್ತು ತಗಾದೆ

ಕುಬಟೂರು ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಲವು ಬಗೆಯಾಗಿ ಬರೆಯುವರು. ಇಂಥ ಗೊಂದಲವನ್ನು ನಿವಾರಿಸುವುದಕ್ಕಾಗಿಯೇ 1972ನೆಯ ಆಗಸ್ಟ್ 15ರಂದು ಪಿನ್ ಕೋಡು ಜಾರಿಗೆ ಬಂದಿತು. ಆರು ಅಂಕಿಗಳಲ್ಲಿ ಮೊದಲಿನ ಮೂರು ವಿಂಗಡಿಸುವ ಪ್ರದೇಶವನ್ನೂ ಕೊನೆಯ ಮೂರು ಬಟವಾಡೆಯ ಕಚೇರಿಯನ್ನೂ ಸೂಚಿಸುವುವು. ಒಂದು ಅಂಕಿ ತಪ್ಪಿದರೂ ಪಾರ್ಸೆಲು ಬೇರೆ ಸೀಮೆಗೆ ಹೋಗುವುದು. ಊರು, ಹೋಬಳಿ, ತಾಲ್ಲೂಕು, ಪಿನ್ ಕೋಡು ಮತ್ತು ದೂರವಾಣಿಯ ಸಂಖ್ಯೆ ಇವನ್ನು ತಪ್ಪದೆ ಬರೆಯಬೇಕು.

ರಸೀತಿ ಇಲ್ಲದೆ ಯಾವ ಸರಕನ್ನೂ ಒಪ್ಪಿಸಕೂಡದು. ಪರಿಚಯದ ಚಾಲಕನ ಕೈಯಲ್ಲಿ ಕೊಟ್ಟು ಕಳುಹಿಸುವುದು ಸುಲಭವಾದರೂ, ಸರಕು ಕಳೆದರೆ ಕೇಳುವುದಕ್ಕೆ ಆಧಾರವಿರುವುದಿಲ್ಲ. ಲಾರಿಯ ಸಾಗಣೆಗೆ 2007ರ ರಸ್ತೆ ಸಾಗಣೆ ಕಾಯಿದೆಯು ಅನ್ವಯಿಸುವುದು. ಸರಕಿನ ಹೆಚ್ಚಿನ ಬೆಲೆಯನ್ನು ಮೊದಲೇ ತಿಳಿಸಿ ಅದಕ್ಕೆ ತಕ್ಕ ದರವನ್ನು ಕೊಡದಿದ್ದರೆ ಸಾಗಣೆದಾರನ ಹೊಣೆಗೆ ಮಿತಿಯುಂಟು. ದಾವೆ ಹೂಡುವುದಕ್ಕೆ ಮುಂಚೆ, ಒಪ್ಪಿಸಿದ ದಿನದಿಂದ 180 ದಿನಗಳೊಳಗೆ ಬರಹದ ನೋಟೀಸು ಕೊಡಬೇಕು. ರೈಲಿನ ಸರಕಿಗೆ ಈ ಅವಧಿ ಆರು ತಿಂಗಳು. ಅಂಚೆಯ ವಿಷಯದಲ್ಲಿ, 2024ನೆಯ ಜೂನ್ 18ರಿಂದ ಜಾರಿಯಲ್ಲಿರುವ 2023ರ ಅಂಚೆ ಕಚೇರಿ ಕಾಯಿದೆಯಂತೆ, ನಿಯಮಗಳಲ್ಲಿ ಹೇಳಿರುವ ಹೊಣೆಯನ್ನು ಬಿಟ್ಟು ಬೇರೆ ಹೊಣೆ ಇರುವುದಿಲ್ಲ. ಬೆಲೆಬಾಳುವ ಸರಕಿಗೆ ವಿಮೆಯನ್ನು ವಿಚಾರಿಸುವುದು ಮೇಲು. ಕಟ್ಟು ಹರಿದೋ ನೆನೆದೋ ಬಂದಿದ್ದರೆ, ಸಹಿ ಮಾಡುವುದಕ್ಕೆ ಮೊದಲು ಅದನ್ನು ಬಟವಾಡೆಯ ಕಾಗದದಲ್ಲಿ ಬರೆಯಿಸಿ, ಭಾವಚಿತ್ರವನ್ನೂ ತೆಗೆದಿಡಬೇಕು.

ಯಾವ ಮಾರ್ಗವೂ ಎಲ್ಲ ಸರಕಿಗೂ ಎಲ್ಲ ಕಾಲಕ್ಕೂ ಉತ್ತಮವಲ್ಲ. ಕಾಗದಪತ್ರ, ಮಣ್ಣಿನ ಮಾದರಿ, ಸ್ವಲ್ಪ ತೂಕದ ಬೀಜ ಇವು ಕಾಲಾವಕಾಶವಿದ್ದಾಗ ಅಂಚೆಯಲ್ಲಿ ಬರಬಹುದು. ತುರ್ತಿನ ಬಿಡಿಭಾಗಕ್ಕೆ ನೇರವಾದ ಬಸ್ಸೂ, ಭಾರವಾದ ಮೂಟೆಗಳಿಗೆ ಲಾರಿಯೂ ಅನುಕೂಲ. ಈ ಸಾಮಾನ್ಯ ಸೂಚನೆಯು ತಮ್ಮ ಊರಿಗೆ ಎಷ್ಟರಮಟ್ಟಿಗೆ ಹೊಂದುವುದೆಂಬುದನ್ನು ಊರಿನ ಪುಸ್ತಕವೇ ತೋರಿಸುವುದು. ಮುಂದಿನ ಯುಗಾದಿಯಿಂದ ಒಂದು ವರ್ಷ ಅದನ್ನು ತಪ್ಪದೆ ಬರೆಯಿಸಿದ ಗ್ರಾಮದವರು ಮರುವರ್ಷದ ಬೀಜವನ್ನು ಯಾವ ಮಾರ್ಗದಲ್ಲಿ, ಯಾವ ತಾರೀಖಿಗೆ ತರಿಸಬೇಕೆಂಬುದನ್ನು ಸ್ವಂತ ಲೆಕ್ಕದಿಂದಲೇ ನಿಶ್ಚಯಿಸಬಲ್ಲವರಾಗುವರು.