ಕೆತ್ತನೆಗೆ ಸಿ.ಎನ್.ಸಿ. ಮೆಷಿನ್: ಕೊಳ್ಳುವ ಮೊದಲು ಗಂಟೆಯ ಲೆಕ್ಕ

ಸಾಗರ, ಸೊರಬದ ಕಡೆ ಬಡಗಿ ಕೆಲಸ, ಕೆತ್ತನೆ ಕೆಲಸ ಮಾಡುವ ಸಂಘದ ಸದಸ್ಯರ ಮನೆಗೆ ಹೋದಾಗ ನಮಗೆ ಇತ್ತೀಚೆಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಒಂದೇ: “ಸಿ.ಎನ್.ಸಿ. ಮೆಷಿನ್‌ಗೆ ಸಾಲ ಸಿಗುತ್ತಾ ಸಾರ್?” ಒಂದು ಮನೆಯಲ್ಲಂತೂ ಅಪ್ಪ-ಮಗನಿಗೆ ನಮ್ಮ ಎದುರೇ ಮಾತಾಯಿತು. “ಅಪ್ಪಯ್ಯ, ಈಗ ತಗೊಳ್ಳದಿದ್ರೆ ಇರೋ ಕೆಲಸ ಎಲ್ಲ ಪೇಟೆಗೆ ಹೋಗುತ್ತೆ” ಅಂತ ಮಗ. “ಮನೆ ಪತ್ರ ಅಡ ಇಟ್ಟು ಮೆಷಿನ್ ಬೇಡ ಮಾರಾಯ, ನನ್ನ ಉಳಿಗೆ ಕಂತು ಕಟ್ಟಬೇಕಾಗಿಲ್ಲ” ಅಂತ ಅಪ್ಪ. ಇಬ್ಬರ ಮಾತಿನಲ್ಲೂ ನಿಜ ಇದೆ. ಸಾಲ ಸಿಗುತ್ತದೆಯೇ ಎನ್ನುವುದು ಎರಡನೆಯ ಪ್ರಶ್ನೆ. ಮೊದಲನೆಯದು, ಆ ಮೆಷಿನ್‌ಗೆ ದಿನಕ್ಕೆ ಎಷ್ಟು ಗಂಟೆ ಕೆಲಸ ಕೊಡಲು ನಮ್ಮಿಂದ ಆಗುತ್ತದೆ ಎಂಬುದು.

ಮೆಷಿನ್ ಮಾಡುವುದು ಇಷ್ಟೇ. ಮರದ ಹಲಗೆಯನ್ನು ಮೇಜಿನ ಮೇಲೆ ಬಿಗಿಯುತ್ತೇವೆ. ಮೇಲೆ ಜೋರಾಗಿ ತಿರುಗುವ ಬಿಟ್ ಇರುತ್ತದೆ. ಕಂಪ್ಯೂಟರಿನಲ್ಲಿ ಹಾಕಿದ ಚಿತ್ರದಂತೆ ಅದು ಉದ್ದಕ್ಕೆ, ಅಡ್ಡಕ್ಕೆ, ಮೇಲೆ ಕೆಳಗೆ ಚಲಿಸಿ ಮರವನ್ನು ತೆಗೆಯುತ್ತದೆ. ಮೊದಲು ದಪ್ಪ ಬಿಟ್ ಹಾಕಿ ಹೆಚ್ಚಿನ ಮರ ತೆಗೆದು, ಆಮೇಲೆ ತುದಿ ಗುಂಡಗಿರುವ ಸಣ್ಣ ಬಿಟ್ಟಿನಿಂದ ನಯಗೊಳಿಸಬೇಕು. ನಮ್ಮ ಊರುಗಳಲ್ಲಿ ಹೆಚ್ಚಾಗಿ ವಿಚಾರಿಸುವುದು 4 ಅಡಿ ಅಗಲ 8 ಅಡಿ ಉದ್ದದ ಮೇಜಿನ ಮೆಷಿನ್.

“ಬಾಗಿಲು ಇಟ್ಟು ಚಾ ಕುಡಿದು ಬರುವಷ್ಟರಲ್ಲಿ ಕೆತ್ತನೆ ಮುಗಿದಿರುತ್ತದೆ” ಎಂದು ಹಲವರು ನಂಬಿದ್ದಾರೆ. ಹಾಗಲ್ಲ. ಒಂದು ಚದರಡಿ ಸೂಕ್ಷ್ಮ ಕೆತ್ತನೆ ಎಂದರೆ 300 ಮಿಲಿಮೀಟರ್ ಉದ್ದ, ಅಷ್ಟೇ ಅಗಲ ಎಂದಿಟ್ಟುಕೊಳ್ಳಿ. ನಯ ಬರಬೇಕಾದರೆ ಬಿಟ್ಟಿನ ಒಂದು ಸಾಲಿಗೂ ಮತ್ತೊಂದು ಸಾಲಿಗೂ ನಡುವೆ ಸುಮಾರು 0.3 ಮಿಲಿಮೀಟರ್ ಅಂತರ ಇರಬೇಕು. ಅಂದರೆ 1000 ಸಾಲು, ಒಟ್ಟು 300 ಮೀಟರ್ ಓಟ. ನಿಮಿಷಕ್ಕೆ 3 ಮೀಟರಿನಂತೆ ಓಡಿಸಿದರೆ 100 ನಿಮಿಷ. ಮೊದಲ ಒರಟು ಕೆಲಸ, ಬಿಟ್ ಬದಲಾವಣೆ ಸೇರಿಸಿ ಎರಡು ಗಂಟೆ ಹಿಡಿಯಿರಿ. ದೇವರ ಕೋಣೆಯ ಬಾಗಿಲಿನಲ್ಲಿ 8 ಚದರಡಿ ಕೆತ್ತನೆ ಇದ್ದರೆ 16 ಗಂಟೆ, ಅಂದರೆ ಎರಡು ದಿನ. ಇನ್ನೂ ನಯ ಬೇಕೆಂದು ಅಂತರವನ್ನು ಅರ್ಧ ಮಾಡಿದರೆ ನಯಗೊಳಿಸುವ ಸಮಯ ಎರಡು ಪಟ್ಟು. ಬರೀ ಗೆರೆ ಡಿಸೈನ್, ಜಾಲಿ ಕಟಿಂಗ್ ಆದರೆ ಬೇಗ ಆಗುತ್ತದೆ, ಆ ಮಾತು ಬೇರೆ. ಕೈಯಿಂದ ಇಷ್ಟೇ ಕೆಲಸಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂದು ನಿಮಗೇ ಗೊತ್ತು. ಮೆಷಿನ್ ಲಾಭವೇ. ಆದರೆ ಆ ಗಂಟೆಗಳಿಗೆ ಬೆಲೆ ಇದೆ.

ಆ ಬೆಲೆ ನೋಡೋಣ. ಮೆಷಿನ್, ಧೂಳು ಎಳೆಯುವ ಡಸ್ಟ್ ಕಲೆಕ್ಟರ್, ವಯರಿಂಗ್, ಸಾಗಾಟ ಎಲ್ಲ ಸೇರಿ 6 ಲಕ್ಷ ಸಾಲ ಆಯಿತು ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಶೇಕಡಾ 11 ಬಡ್ಡಿ, ಐದು ವರ್ಷ ಅವಧಿಯಾದರೆ ತಿಂಗಳ ಕಂತು ಸುಮಾರು 13,000 ರೂಪಾಯಿ. ಓಡಿಸುವವನ ಸಂಬಳ 15,000, ಕರೆಂಟು 5,000, ಬಿಟ್ ಮತ್ತು ರಿಪೇರಿ 4,000, ಜಾಗದ ಬಾಡಿಗೆ 3,000. ಒಟ್ಟು 40,000. ತಿಂಗಳಿಗೆ 25 ದಿನ ಕೆಲಸ ಎಂದರೆ ದಿನಕ್ಕೆ 1,600. ಎಂಟು ಗಂಟೆ ಓಡಿದರೆ ಗಂಟೆಗೆ 200 ರೂಪಾಯಿ ಖರ್ಚು. ನಾಲ್ಕೇ ಗಂಟೆ ಓಡಿದರೆ ಹತ್ತಿರ ಹತ್ತಿರ 400. ಎರಡು ಗಂಟೆಯಾದರೆ 800ರ ಸಮೀಪ. ಕರೆಂಟು, ಬಿಟ್ ಖರ್ಚು ಸ್ವಲ್ಪ ಇಳಿಯಬಹುದು, ಕಂತು ಮತ್ತು ಸಂಬಳ ಇಳಿಯುವುದಿಲ್ಲ. ನಿಮ್ಮ ಊರಿನ ಅಂಕಿ ಬೇರೆ ಇರಬಹುದು. ಅದನ್ನು ಹಾಕಿ ಇದೇ ರೀತಿ ಲೆಕ್ಕ ಮಾಡಿ. ಮಗನೇ ಓಡಿಸುತ್ತಾನೆ, ಸಂಬಳ ಬೇಡ ಅಂತ ಹೇಳಬೇಡಿ. ಅವನ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೇ ಎಷ್ಟೋ ಮನೆಯ ವ್ಯಾಪಾರ ಲಾಭದಲ್ಲಿ ಇದ್ದಂತೆ ಕಾಣುತ್ತದೆ.

ಈಗ ಕೆಲಸದ ಗುಣದ ವಿಷಯ. ಸಾಮಾನ್ಯ ಮೆಷಿನ್ ಮೇಲಿನಿಂದ ಮಾತ್ರ ಕೊರೆಯಬಲ್ಲದು. ಎಲೆಯ ಹಿಂದೆ ನುಗ್ಗಿ ಬಳ್ಳಿಯನ್ನು ಬಿಡಿಸುವುದು, ಮೂರ್ತಿಯ ತೋಳಿನ ಕೆಳಗಿನ ಟೊಳ್ಳು ತೆಗೆಯುವುದು ಅದಕ್ಕೆ ಆಗದು. ನಮ್ಮ ಗುಡಿಗಾರರು ಶ್ರೀಗಂಧದಲ್ಲಿ ಮಾಡುವ ಸುತ್ತು ಕೆತ್ತನೆಯ ಜೀವವೇ ಅಲ್ಲಿದೆ. ಕಂಬದಂಥ ಉರುಟು ಕೆಲಸಕ್ಕೆ ಮರವನ್ನು ತಿರುಗಿಸುವ ಜೋಡಣೆ ಸಿಗುತ್ತದೆ, ಅದಕ್ಕೆ ಬೇರೆ ಹಣ. ಬಿಟ್ ಗುಂಡಗಿರುವುದರಿಂದ ಒಳಮೂಲೆಗಳು ಚೂಪಾಗಿ ಬರುವುದಿಲ್ಲ, ಅಲ್ಲಿ ಉಳಿಯೇ ಬೇಕು. ಮೆಷಿನ್‌ಗೆ ಮರದ ನಾರು ಯಾವ ಕಡೆ ಹೋಗಿದೆ ಎಂದು ಕಾಣುವುದಿಲ್ಲ. ಗಂಟು ಬಂದಲ್ಲಿ ಕೈ ತಡೆಯುತ್ತದೆ, ಅದು ತಡೆಯುವುದಿಲ್ಲ, ಚಕ್ಕೆ ಏಳಿಸುತ್ತದೆ. ಮರ ಸರಿಯಾಗಿ ಒಣಗದಿದ್ದರೆ ನಾರು ಕೆದರಿ, ಕೆತ್ತಿದ ಮೇಲೆ ಹಲಗೆ ಸೊಟ್ಟಗಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇದು ಸಣ್ಣ ತೊಂದರೆ ಅಲ್ಲ.

ಆದ್ದರಿಂದ ಉಳಿ ಹಿಡಿದ ಕೈ ಬೇಡವಾಗುತ್ತದೆ ಎಂದು ಆ ಅಪ್ಪ ಹೆದರಬೇಕಾಗಿಲ್ಲ. ಮಗನಿಗೆ ನಾವು ಹೇಳಿದ್ದೂ ಅದನ್ನೇ. ಪೇಟೆಯಲ್ಲಿ ಸಿಗುವ ರೆಡಿ ಡಿಸೈನ್ ಎಲ್ಲರ ಹತ್ತಿರವೂ ಇರುತ್ತದೆ. ಅದೇ ನವಿಲು, ಅದೇ ಹೂಬಳ್ಳಿ. ಹತ್ತು ಜನ ಒಂದೇ ನವಿಲು ಕೆತ್ತಿದರೆ ಯಾರು ಕಡಿಮೆ ದರ ಹೇಳುತ್ತಾರೋ ಅವರಿಗೆ ಕೆಲಸ. ಅಪ್ಪನ ಹಳೇ ನಕ್ಷೆಗಳನ್ನು ಕಂಪ್ಯೂಟರಿಗೆ ಏರಿಸಿ, ಮೆಷಿನ್ ಮುಕ್ಕಾಲು ಕೆಲಸ ಮಾಡಿದ ಮೇಲೆ ಕೈಯಿಂದ ಮುಗಿಸಿದರೆ ಆ ಬಾಗಿಲು ಪಕ್ಕದ ಅಂಗಡಿಯಲ್ಲಿ ಸಿಗುವುದಿಲ್ಲ.

ಹಾಗೆ ಏರಿಸಲು ಸಾಫ್ಟ್‌ವೇರ್ ಬೇಕು, ಕಲಿಯಲು ತಿಂಗಳುಗಟ್ಟಲೆ ತಾಳ್ಮೆ ಬೇಕು. ಆರ್ಟ್‌ಕ್ಯಾಮ್ ಎಂಬ ಹೆಸರನ್ನು ಎಲ್ಲರೂ ಹೇಳುತ್ತಾರೆ. ಆದರೆ ಆಟೊಡೆಸ್ಕ್ ಕಂಪನಿ ಅದನ್ನು 2018ರಲ್ಲೇ ನಿಲ್ಲಿಸಿದೆ. ಈಗ ಕಾರ್ವೆಕೊ, ಆಸ್ಪೈರ್ ಮುಂತಾದವು ಇವೆ, ಅವಕ್ಕೆ ಹಣ ಕೊಡಬೇಕು. “ಮೆಷಿನ್ ಜೊತೆ ಫ್ರೀ” ಎಂದು ಯಾರಾದರೂ ಹಾಕಿಕೊಟ್ಟರೆ ಅದರ ಬಿಲ್ಲು ಕೇಳಿ.

ಕರೆಂಟಿನ ವಿಷಯವನ್ನು ಕಡೆಗೆ ನೋಡಿದರಾಯಿತು ಅನ್ನಬೇಡಿ. ದೊಡ್ಡ ಮೆಷಿನ್‌ಗೆ ಸಾಮಾನ್ಯವಾಗಿ ಮೂರು ಫೇಸ್ ಬೇಕು. ನಿಮ್ಮ ಲೈನಿನಲ್ಲಿ ಅದು ದಿನಕ್ಕೆ ಎಷ್ಟು ಗಂಟೆ ಇರುತ್ತದೆ ಎಂದು ಮೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ. ಬಿಟ್ ಮರದೊಳಗೆ ಇರುವಾಗ ಕರೆಂಟು ಹೋದರೆ ಬಿಟ್ ಮುರಿಯಬಹುದು, ಹಲಗೆಯೂ ಹಾಳಾಗಬಹುದು. ಮನೆಯ ಜಗಲಿಯಲ್ಲಿ ಮೆಷಿನ್ ಇಡುವ ಯೋಚನೆ ಮಾತ್ರ ಬೇಡವೇ ಬೇಡ. ಮರದ ಧೂಳು ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಮಕ್ಕಳು ಮಲಗುವ ಕಡೆ ಅದು ಬರಬಾರದು.

ಸರ್ಕಾರದ ನೆರವಿನ ಬಗ್ಗೆ ಎರಡು ಮಾತು. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳಿಗೆ ತರಬೇತಿ, ಉಪಕರಣಕ್ಕೆ 15,000 ರೂಪಾಯಿ, ಮೊದಲು 1 ಲಕ್ಷ, ಅದು ತೀರಿದ ಮೇಲೆ 2 ಲಕ್ಷದವರೆಗೆ ಶೇಕಡಾ 5 ಬಡ್ಡಿಯ ಸಾಲ ಇದೆ. ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ದೊಡ್ಡ ಮೆಷಿನ್‌ಗೆ ಇದು ಸಾಲದು, ಕೈ ರೂಟರ್, ಒಳ್ಳೆಯ ಉಳಿಗಳಿಗೆ ಸಾಕು. ಪಿ.ಎಂ.ಇ.ಜಿ.ಪಿ. ಯೋಜನೆಯ 2022ರ ನಿಯಮದಲ್ಲಿ ಹಳ್ಳಿಯ ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರಿಗೆ ಶೇಕಡಾ 35 ಸಬ್ಸಿಡಿ ಇಟ್ಟಿದ್ದರು. ಈಗ ಅರ್ಜಿ ತೆಗೆದುಕೊಳ್ಳುತ್ತಾರೆಯೇ ಎಂದು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ. ಆ ಸಬ್ಸಿಡಿ ನಮ್ಮ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇರುತ್ತದೆ. ನಡುವೆ ಅಂಗಡಿ ಮುಚ್ಚಿದರೆ ಅದೂ ಇಲ್ಲ.

ನಾಲ್ಕೈದು ಮನೆಯವರು ಸೇರಿ ಕೊಳ್ಳುವುದಾದರೆ ಖಾಲಿ ಗಂಟೆ ಕಡಿಮೆಯಾಗುತ್ತದೆ, ಅದು ನಮಗೂ ಒಪ್ಪಿಗೆ. ಆದರೆ ಯಾರ ಕೆಲಸ ಮೊದಲು, ಬಿಟ್ ಮುರಿದರೆ ಹಣ ಯಾರದು, ಒಬ್ಬರು ಬಿಟ್ಟುಹೋದರೆ ಕಂತು ಯಾರು ಕಟ್ಟುವುದು ಎನ್ನುವುದನ್ನು ಮೆಷಿನ್ ಬರುವ ಮೊದಲೇ ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಬೇಕು.

ಆ ಅಪ್ಪ-ಮಗ ಸದ್ಯಕ್ಕೆ ಒಪ್ಪಿದ್ದು ಹೀಗೆ. ಮೂರು ತಿಂಗಳು ತಮ್ಮದೇ ಮರ, ತಮ್ಮದೇ ನಕ್ಷೆ ತೆಗೆದುಕೊಂಡು ಹೋಗಿ ಪೇಟೆಯ ಮೆಷಿನ್‌ನಲ್ಲಿ ಬಾಡಿಗೆಗೆ ಕೆತ್ತಿಸುವುದು. ಒಂದು ನೋಟ್ ಪುಸ್ತಕದಲ್ಲಿ ತಾರೀಖು, ಗಿರಾಕಿ, ಎಷ್ಟು ಚದರಡಿ, ಮೆಷಿನ್ ಎಷ್ಟು ಗಂಟೆ ಓಡಿತು, ಕೊಟ್ಟ ಬಾಡಿಗೆ, ಕೈಯಿಂದ ಮುಗಿಸಲು ಹಿಡಿದ ಸಮಯ, ಬಂದ ಹಣ ಬರೆಯುವುದು. ಮೊದಲ ಪುಟಕ್ಕೆ ಗೆರೆ ಹಾಕಿದ್ದು ಅಪ್ಪನೇ.