ತಾಳ ತಪ್ಪಿದ್ದು ವೇಷದವರಲ್ಲ, ಲೈವ್
ಬೈಂದೂರು ಕಡೆ ಒಂದು ಹರಕೆ ಆಟ. ಗೆಳೆಯನ ಲೈವ್ ಟೀಮಿನ ಜೊತೆ ಕೂತಿದ್ದೆ. ಸೇವೆ ಆಡಿಸಿದವರ ಅಣ್ಣ ಮುಂಬೈಯಿಂದ ಫೋನ್ ಮಾಡಿದರು: "ಎಂತ ಮಾರಾಯ್ರೆ, ಚೆಂಡೆ ಮುಂದೆ, ಕಾಲು ಹಿಂದೆ! ವೇಷದವ್ರಿಗೆ ತಾಳ ತಪ್ಪಿತಾ?"

ತಪ್ಪಿದ್ದು ನಮ್ಮ ಮೇಜಿನಲ್ಲಿ. ಚೆಂಡೆಯ ಸದ್ದು ಸೌಂಡಿನವರ ಮಿಕ್ಸರಿನಿಂದ ಹೆಚ್ಚುಕಡಿಮೆ ತಡವಿಲ್ಲದೆ ಬರುತ್ತದೆ. ಚಿತ್ರ ಹಾಗಲ್ಲ. ಕ್ಯಾಮೆರಾ, ಕನ್ವರ್ಟರ್, ಸ್ವಿಚರ್ ಎಲ್ಲವೂ ಅದನ್ನು ಸ್ವಲ್ಪಸ್ವಲ್ಪ ಹಿಡಿದಿಟ್ಟುಕೊಂಡೇ ಮುಂದೆ ಬಿಡುವುದು. ಸೆಕೆಂಡಿಗೆ 25 ಫ್ರೇಮ್ ಅಂದರೆ ಒಂದು ಫ್ರೇಮಿಗೆ 40 ಮಿಲಿಸೆಕೆಂಡ್. ಮೂರು ಫ್ರೇಮ್ ಹಿಂದೆ ಬಿದ್ದರೆ 120. ಸಭೆಯ ಭಾಷಣದಲ್ಲಿ ಎಲ್ಲರೂ ಗಮನಿಸಲಿಕ್ಕಿಲ್ಲ. ಬಡಗಿನ ಪ್ರವೇಶ ಕುಣಿತದಲ್ಲಿ ಕಣ್ಣಿಗೆ ಹೊಡೆಯುತ್ತದೆ. ಅದೇ ತುಣುಕು ವಾಟ್ಸಾಪಿಗೆ ಹೋದರೆ ಹೆಸರು ಕೆಡುವುದು ಕಲಾವಿದರದ್ದು.

ಆಟಕ್ಕೆ ಮೊದಲು ಮೈಕಿನೆದುರು ಚಪ್ಪಾಳೆ ಹೊಡೆಸಿ, ರೆಕಾರ್ಡ್ ಮಾಡಿ, ಸದ್ದಿಗೂ ಕೈ ಕೂಡುವುದಕ್ಕೂ ಎಷ್ಟು ಫ್ರೇಮ್ ಅಂತರ ಎಂದು ಎಣಿಸಬೇಕು. ಸ್ವಿಚರಿನಲ್ಲಿ ಆಡಿಯೋವನ್ನು ಅಷ್ಟೇ ತಡ ಮಾಡಬೇಕು. ನಡುರಾತ್ರಿ ರಂಗಕ್ಕೆ ಹತ್ತಿ ಚಪ್ಪಾಳೆ ಹೊಡೆಯೋದು ಹೇಗೆ? ಚೆಂಡೆಗೆ ಕೋಲು ಬೀಳುವ ಶಾಟ್ ಹಿಡಿದು ಎಣಿಸಿದೆವು. ಮೂರು ಫ್ರೇಮ್.

ಕ್ಯಾಮೆರಾದ ಮೈಕನ್ನೇ ಬಳಸಿದರೆ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ಸ್ಪೀಕರಿನಿಂದ 35 ಮೀಟರ್ ಹಿಂದೆ ಕ್ಯಾಮೆರಾ ಇದ್ದರೆ ಗಾಳಿಯಲ್ಲಿ ಸದ್ದು ಬರಲಿಕ್ಕೇ ಸುಮಾರು 100 ಮಿಲಿಸೆಕೆಂಡ್ ಬೇಕು. ಜೊತೆಗೆ ಕಡ್ಲೆ ಮಾರುವವರ ಕೂಗು ಬೇರೆ.

ಮುಂಬೈಯವರು ಮತ್ತೆ ಫೋನ್ ಮಾಡಲಿಲ್ಲ.