ಎಡಗೈಗೂ ಒಂದು ಸನ್ನೆ

ಎಡಗೈಯಲ್ಲಿ ಬರೆಯಹೊರಟ ಮಗುವನ್ನು ಗದರಿಸದ ಮನೆ ನಮ್ಮಲ್ಲಿ ವಿರಳ. ಪಿಸ್ತೂಲಿನ ಪ್ರಪಂಚವೂ ಬಹುಕಾಲ ಇದೇ ಹಟವನ್ನು ಹಿಡಿದಿತ್ತೆಂದರೆ ಓದುಗರಿಗೆ ಸೋಜಿಗವೆನಿಸಬಹುದು.

ಜಾನ್ ಬ್ರೌನಿಂಗ್ ಎಂಬ ಕುಶಲಿ ರೂಪಿಸಿದ ಕೋಲ್ಟ್ ಪಿಸ್ತೂಲನ್ನು ಅಮೆರಿಕದ ಸೈನ್ಯವು 1911ರಲ್ಲಿ ಅಂಗೀಕರಿಸಿತು. 1985ರಲ್ಲಿ ಬೆರೆಟ್ಟಾ ಪಿಸ್ತೂಲನ್ನು ಆರಿಸುವವರೆಗೂ ಅಲ್ಲಿಯ ಸೈನಿಕರಿಗೆ ಅದೇ ಸಂಗಾತಿ. ಅದರ ಸೇಫ್ಟಿ ಸನ್ನೆ ಇದ್ದುದು ಎಡಮಗ್ಗುಲಿನಲ್ಲಿ, ಬಲಗೈಯ ಹೆಬ್ಬೆರಳಿಗೆ ಎಟಕುವಂತೆ. ಮೇಲೆತ್ತಿದರೆ ಪಿಸ್ತೂಲಿಗೆ ನಿದ್ರೆ, ಕೆಳಗೊತ್ತಿದರೆ ಎಚ್ಚರ. ಎಡಚನಾದರೋ ಹಿಡಿತವನ್ನೇ ಸಡಿಲಿಸಿ ತಡಕಾಡಬೇಕು. ಬಲಗೈಗೆ ಪೆಟ್ಟುಬಿದ್ದವನ ಪಾಡೂ ಅದೇ.

ಅಂಥ ಪೆಟ್ಟು ಬರಿಯ ಊಹೆಯಲ್ಲ. ಹಂಗೆರಿಯ ಸೈನಿಕ ಕರೋಲಿ ತಕಾಚ್ ಅವರ ಬಲಗೈ 1938ರಲ್ಲಿ ಕೈಬಾಂಬು ಸಿಡಿದು ಛಿದ್ರವಾಯಿತು. ಅವರು ಎದೆಗುಂದಲಿಲ್ಲ; ಎಡಗೈಯಿಂದ ಗುರಿಯಿಡಲು ಕಲಿತರು. 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ ಕೂಟಗಳೆರಡರಲ್ಲೂ 25 ಮೀಟರ್ ಶೀಘ್ರ ಪಿಸ್ತೂಲು ಸ್ಪರ್ಧೆಯ ಚಿನ್ನದ ಪದಕ ಅವರದಾಯಿತು!

ಕಾಲಕ್ರಮದಲ್ಲಿ ಕೋಲ್ಟ್ ಪಿಸ್ತೂಲಿಗೂ ಎರಡು ಮಗ್ಗುಲಿನ ಸನ್ನೆ ಬಂದಿತು. ಎಡದ ಸನ್ನೆಯ ಅಚ್ಚು ಒಡಲನ್ನು ಹಾಯ್ದು ಬಲದ ಸನ್ನೆಯೊಡನೆ ಕೂಡಿಕೊಳ್ಳುತ್ತದೆ. ಒಂದನ್ನು ಒತ್ತಿದರೆ ಇನ್ನೊಂದೂ ಬಾಗುತ್ತದೆ. ಕೇಳಲು ಸರಳ, ಕೂಡಿಸಲು ಕಠಿಣ. ಹ್ಯಾಮರನ್ನು ಹಿಡಿದಿಡುವ ‘ಸಿಯರ್’ ಎಂಬ ಕೊಕ್ಕೆಯನ್ನು ಸನ್ನೆಯ ಒಳಗಿನ ಉಬ್ಬೊಂದು ಅಲುಗದಂತೆ ತಡೆಯಬೇಕು. ಹೊಸ ಸನ್ನೆಯಲ್ಲಿ ಈ ಉಬ್ಬನ್ನು ಬೇಕೆಂದೇ ದಪ್ಪವಾಗಿ ಬಿಟ್ಟಿರುತ್ತಾರೆ. ಕೆಲಸಗಾರನು ಅರದಿಂದ ತುಸುತುಸುವೇ ಉಜ್ಜಿ, ಪ್ರತಿ ಸಲವೂ ಕೂಡಿಸಿ ನೋಡುತ್ತಾನೆ. ಕೂದಲೆಳೆಯಷ್ಟು ಹೆಚ್ಚು ಸವೆದರೂ ಸನ್ನೆ ಮೇಲೇರಿರುತ್ತದೆ, ಕೊಕ್ಕೆ ಮಾತ್ರ ಜಾರುತ್ತದೆ. ಸುಳ್ಳು ಹೇಳುವ ಸೇಫ್ಟಿಗಿಂತ ಸೇಫ್ಟಿ ಇಲ್ಲದಿರುವುದೇ ಮೇಲು. ಇಲ್ಲವೆಂದು ತಿಳಿದವನು ಎಚ್ಚರದಿಂದಾದರೂ ಇರುತ್ತಾನೆ.

ಆದಕಾರಣ ಖಾಲಿ ಪಿಸ್ತೂಲಿನಲ್ಲಿ ಮೊದಲ ಪರೀಕ್ಷೆ. ಹ್ಯಾಮರನ್ನು ಹಿಂದೆಳೆದು, ಸನ್ನೆಯನ್ನೇರಿಸಿ, ಟ್ರಿಗರನ್ನು ಬಲವಾಗಿ ಒತ್ತಿ ಬಿಡುತ್ತಾರೆ. ಬಳಿಕ ಸನ್ನೆಯನ್ನಿಳಿಸಿದಾಗಲೂ ಹ್ಯಾಮರು ಬೀಳಬಾರದು.

ಹೊಸ ಪಿಸ್ತೂಲನ್ನು ಪಳಗಿಸುವುದೂ ಇಂಥದೇ ತಾಳ್ಮೆಯ ಕೆಲಸ. ಕಾರ್ಖಾನೆಯ ಜಿಡ್ಡನ್ನು ಒರೆಸಿ, ಎಣ್ಣೆಯಿಟ್ಟು, ಸಾಮಾನ್ಯವಾಗಿ 200ರಿಂದ 500 ಗುಂಡುಗಳನ್ನು ಗುರಿಯಭ್ಯಾಸದ ಬಯಲಿನಲ್ಲಿ ಹಾರಿಸುತ್ತಾರೆ. ಲೋಹಕ್ಕೆ ಲೋಹ ಉಜ್ಜಿ ನಯವಾಗುತ್ತದೆ. ಬಿಗಿಯಾದ ಸ್ಪ್ರಿಂಗು ಹದಕ್ಕೆ ಬರುತ್ತದೆ. ಎಲ್ಲಿ, ಯಾವ ಗುಂಡಿಗೆ ಸಿಕ್ಕಿಬಿತ್ತೆಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವವನೇ ಜಾಣ.

ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಬಂದೂಕನ್ನು ಇಟ್ಟುಕೊಳ್ಳುವುದಕ್ಕೂ, ಅದನ್ನು ದುರಸ್ತಿ ಮಾಡುವ ವೃತ್ತಿಗೂ ಪರವಾನಗಿ ಬೇಕು. ಇದು ಮನೆಯ ಮೇಜಿನ ಮೇಲೆ ಅರ ಹಿಡಿದು ಕೂರುವವರ ಕೆಲಸವಲ್ಲ.

ಪಿಸ್ತೂಲಿನಂಥ ಕಬ್ಬಿಣವೇ ಎಡಗೈಗೆ ಮಣಿದ ಮೇಲೆ, ಎಡಗೈಯಲ್ಲಿ ಬಳಪ ಹಿಡಿದ ಮಗುವನ್ನು ನಾವೇಕೆ ಗದರಿಸಬೇಕು?